ದೋಣಿಯ ಎಂಜಿನ್ನಿಗೆ ನೀರು ಸೇರುವಿಕೆ

ದೋಣಿಯ ಎಂಜಿನ್ನಿಗೆ ನೀರು ಸೇರುವಿಕೆ ಎಂದರೆ ಎಂಜಿನ್ನಿನ ಸಿಲಿಂಡರುಗಳಿಗೆ ಅಥವಾ ಆಯಿಲ್ ಸಂಪಿಗೆ ಹೊರಗಿನ ನೀರು ಇಲ್ಲವೆ ಕೂಲೆಂಟ್ ಸೋರಿ ಬರುವ ದೋಷ. ದೋಣಿಯ ಒಡಲಲ್ಲಿ ಅಳವಡಿಸುವ ಅನೇಕ ಡೀಸೆಲ್ ಎಂಜಿನ್‌ಗಳು ಸಮುದ್ರದ ನೀರನ್ನು ಪಂಪಿನಿಂದ ಸೆಳೆದು ತಂಪಾಗುತ್ತವೆ. ಆ ನೀರು ಹೊಗೆಕೊಳವೆಯಲ್ಲಿ ಹೊಗೆಯೊಡನೆ ಬೆರೆತು ಹೊರಹೋಗುತ್ತದೆ. ಈ ಲೇಖನವು ಮುಖ್ಯವಾಗಿ ಅಂತಹ ಎಂಜಿನ್‌ಗಳನ್ನು ಕುರಿತದ್ದಾಗಿದೆ.

ಕಾರಣಗಳು

* ಹೆಡ್ ಗ್ಯಾಸ್ಕೆಟ್ ಹಾಳಾಗುವುದು; ಸಿಲಿಂಡರ್ ಹೆಡ್ ಬಿರುಕು ಬಿಡುವುದು.
* ಆಯಿಲ್ ಕೂಲರ್ ಅಥವಾ ಹೊಗೆಕೊಳವೆಯ ಬಾಗು ಉಪ್ಪುನೀರಿನಿಂದ ಸವೆದು ತೂತಾಗುವುದು.
* ನಿಂತ ಎಂಜಿನ್ನಿಗೆ ಸಮುದ್ರದ ನೀರು ಸೈಫನ್ ಕ್ರಿಯೆಯಿಂದ ಹೊಗೆಕೊಳವೆಯ ಮೂಲಕ ಹರಿದುಬರುವುದು.
* ಚಾಲೂ ಆಗದ ಎಂಜಿನ್ನನ್ನು ಸ್ಟಾರ್ಟರಿನಿಂದ ಬಹಳ ಹೊತ್ತು ತಿರುಗಿಸುವುದು. ಆಗ ಪಂಪು ನೀರನ್ನು ತುಂಬುತ್ತಲೇ ಇರುತ್ತದೆ, ಅದನ್ನು ಹೊರದೂಡುವ ಹೊಗೆಯ ಒತ್ತಡ ಮಾತ್ರ ಇರುವುದಿಲ್ಲ.

ಲಕ್ಷಣಗಳು

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುವುದು ಹಾಗೂ ಅದರ ಮಟ್ಟ ಏರುವುದು ಪ್ರಮುಖ ಲಕ್ಷಣಗಳು. ಎಂಜಿನ್ ಬಹುಕಾಲ ನಿಂತಿದ್ದರೆ ಆಯಿಲ್‌ಗಿಂತ ಭಾರವಾದ ನೀರು ತಳಕ್ಕಿಳಿದಿರುತ್ತದೆ. ಆಗ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಶುದ್ಧವಾಗಿಯೇ ಕಾಣಬಹುದು. ಬಿಳಿ ಹೊಗೆಯೊಂದನ್ನೇ ನಂಬುವಂತಿಲ್ಲ. ಪೂರ್ತಿ ಉರಿಯದ ಡೀಸೆಲ್ ಕೂಡ ಬಿಳಿ ಹೊಗೆಯನ್ನು ಕೊಡುತ್ತದೆ. ಆದರೆ ನೀರಾವಿ ಗಾಳಿಯಲ್ಲಿ ಬೇಗನೆ ಕರಗುತ್ತದೆ, ಡೀಸೆಲ್ ಹೊಗೆ ವಾಸನೆಯೊಡನೆ ಉಳಿಯುತ್ತದೆ.

ಪತ್ತೆಹಚ್ಚುವ ಕ್ರಮ

ನೀರು ಅದುಮಿದರೂ ಕುಗ್ಗುವುದಿಲ್ಲ. ನೀರು ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಆದ್ದರಿಂದ ಸಂಶಯ ಬಂದೊಡನೆ ಸ್ಟಾರ್ಟರನ್ನು ಬಳಸದೆ, ನೀರಿನ ವಾಲ್ವನ್ನು ಮುಚ್ಚಿ, ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಒಂದೇ ಸಿಲಿಂಡರಿನಿಂದ ಅಥವಾ ಅಕ್ಕಪಕ್ಕದ ಎರಡರಿಂದ ನೀರು ಚಿಮ್ಮಿದರೆ ಗ್ಯಾಸ್ಕೆಟ್ ಅಥವಾ ಬಿರುಕನ್ನು ಮೊದಲು ಶಂಕಿಸಬೇಕು. ಹಲವು ಸಿಲಿಂಡರುಗಳಿಂದ ಬಂದರೆ ಹೊಗೆಕೊಳವೆಯನ್ನು ಪರೀಕ್ಷಿಸಬೇಕು. ಸಿಲಿಂಡರುಗಳು ಒಣಗಿದ್ದು ಆಯಿಲ್‌ನಲ್ಲಿ ಮಾತ್ರ ನೀರಿದ್ದರೆ ಆಯಿಲ್ ಕೂಲರನ್ನೂ ಪರಿಶೀಲಿಸಬೇಕು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಆಯಿಲ್‌ನಲ್ಲಿ ಉಪ್ಪಿನಂಶ ಕಂಡರೆ ಅದು ಸಮುದ್ರದ ನೀರನ್ನೂ, ಗ್ಲೈಕಾಲ್ ಕಂಡರೆ ಕೂಲೆಂಟ್ ಸೋರಿಕೆಯನ್ನೂ ಸೂಚಿಸುತ್ತದೆ.

ಪರಿಹಾರ ಮತ್ತು ಮುನ್ನೆಚ್ಚರಿಕೆ

ಮೂಲವನ್ನು ಕಂಡುಹಿಡಿಯದೆ ಆಯಿಲ್ ಬದಲಿಸಿದರೆ ದೋಷ ಮರುಕಳಿಸುತ್ತದೆ. ಮೂಲವನ್ನು ಸರಿಪಡಿಸಿದ ಬಳಿಕ ಆಯಿಲ್ ಮತ್ತು ಫಿಲ್ಟರನ್ನು ಹಲವು ಬಾರಿ ಬದಲಿಸಬೇಕಾಗಬಹುದು. ಉಪ್ಪುನೀರು ಬೇರಿಂಗ್ ಮತ್ತು ಸಿಲಿಂಡರುಗಳಿಗೆ ಬೇಗನೆ ತುಕ್ಕು ಹಿಡಿಸುವುದರಿಂದ ಈ ಕೆಲಸದಲ್ಲಿ ವಿಳಂಬ ಸಲ್ಲದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಎಂಜಿನ್‌ಗಳು ನಿಂತಿರುತ್ತವೆ. ಮತ್ತೆ ಕಡಲಿಗಿಳಿಯುವ ಮುನ್ನ ಸಂಪಿನ ತಳದಿಂದ ಸ್ವಲ್ಪ ಆಯಿಲ್ ತೆಗೆದು ನೋಡಿದರೆ ಒಳಸೇರಿದ ನೀರು ದಡದಲ್ಲೇ ಪತ್ತೆಯಾಗುತ್ತದೆ.