ಸಹಾಯಧನ ಯಾರ ಹೆಸರಿಗೆ?

ಸಾಗರ ಪಟ್ಟಣದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಹಾದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅದರ ಮೂಲದ ಸುತ್ತಲಿನ ಊರುಗಳಲ್ಲಿ ಅಡಿಕೆ, ಭತ್ತ ಬೆಳೆಯುವವರಿಗೆ ಸರಕಾರದ ಹಣ ತಲುಪಬೇಕಾದರೆ ಅದು ಪಹಣಿ ಎಂಬ ಕಾಗದವನ್ನು ದಾಟಿಯೇ ಬರಬೇಕು.

2019ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂಪಾಯಿ ಗೊತ್ತುಮಾಡಲಾಯಿತು. ಅದೇ ವರ್ಷ ರಾಜ್ಯ ಸರಕಾರ ತನ್ನ ಪಾಲಿನ 4,000 ರೂಪಾಯಿ ಸೇರಿಸಿತು. ಆ ಪಾಲು 2023ರಲ್ಲಿ ನಿಂತಿತು. ಕೇಂದ್ರದ ಹಣವೆಂದರೆ ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ದೊಡ್ಡ ಮೊತ್ತವೇನೂ ಅಲ್ಲ, ಆದರೆ ಬಿತ್ತನೆಯ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದವನಿಗೆ ಅದೂ ಆಸರೆಯೇ. ಮುಖ್ಯ ಷರತ್ತು ಇದು: 2019ರ ಫೆಬ್ರವರಿ 1ಕ್ಕೆ ಭೂಮಿ ಅವನ ಹೆಸರಿನಲ್ಲಿ ದಾಖಲಾಗಿರಬೇಕು. ಆಮೇಲೆ ಬದಲಾದ ಹೆಸರುಗಳಲ್ಲಿ ವಾರಸಾಗಿ ಬಂದವಕ್ಕಷ್ಟೇ ಮನ್ನಣೆ.

ಈ ಷರತ್ತು ಎಷ್ಟು ಭಾರವಾದದ್ದು ಎಂದು ತಿಳಿಯಲು ಇದೇ ತಾಲೂಕಿನ ಕಾಗೋಡಿಗೆ ಹೋಗಬೇಕು. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಅವರಲ್ಲಿ ಹೆಚ್ಚಿನವರು ದೀವರು. ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಮೂರು ಸೇರಿನ ಕೊಳಗದಲ್ಲೇ ಅಳೆಯಬೇಕು ಎಂಬುದು ರೈತರ ಬೇಡಿಕೆ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಎಷ್ಟೋ ರೈತರು ಜೈಲು ಕಂಡರು. ಉಳುವವನು ಅಂದು ಕೇಳಿದ್ದು ಅಳತೆಯ ನ್ಯಾಯ. ಅವನ ಹೆಸರು ಒಡೆತನದ ಕಲಮಿಗೆ ಬರಲು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ತನಕ ಕಾಯಬೇಕಾಯಿತು. ದೇವರಾಜ ಅರಸು ಅವರ ಕಾಲದ ಈ ಕಾನೂನಿನಡಿ ನಮೂನೆ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಗೇಣಿಯನ್ನು ರುಜುವಾತುಪಡಿಸಿದವನು ಒಡೆಯನಾದ. ಗೇಣಿಯ ಮಾತು ಬಾಯಲ್ಲೇ ಮುಗಿದಿದ್ದರೆ, ಪಹಣಿಯ ಸಾಗುವಳಿ ಕಲಮಿನಲ್ಲಿ ಹೆಸರಿಲ್ಲದಿದ್ದರೆ, ಅಥವಾ ಒಡೆಯನ ಮುಲಾಜಿಗೆ ಅರ್ಜಿಯನ್ನೇ ಹಾಕದಿದ್ದರೆ ಅವನು ಇದ್ದಲ್ಲೇ ಉಳಿದ. ಅರ್ಜಿಯ ಕೊನೆಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು.

ಹಾಗೆ ಹೊರಗುಳಿದವರ ಜೊತೆಗೆ ಶರಾವತಿ ಮುಳುಗಡೆಯವರೂ ಇದ್ದಾರೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲೂಕುಗಳ ಗದ್ದೆ ತೋಟಗಳನ್ನು ನುಂಗಿತು. ನಾಡಿಗೆ ಬೆಳಕು ಕೊಟ್ಟು ಎದ್ದುಬಂದ ಅನೇಕ ಕುಟುಂಬಗಳಿಗೆ ತೋರಿಸಿದ ನೆಲ ಅರಣ್ಯದ ದಾಖಲೆಯಲ್ಲೇ ಉಳಿಯಿತು. ಎರಡು ತಲೆಮಾರು ಉತ್ತರೂ ಅದು ಅವರ ಹೆಸರಿಗೆ ಬರಲಿಲ್ಲ. ಬಗರ್‌ಹುಕುಂ ಸಾಗುವಳಿದಾರರದೂ ಇದೇ ಪಾಡು. ನಮೂನೆ 50, ಆಮೇಲೆ 53, 2018ರಲ್ಲಿ 57 ಎಂದು ಅರ್ಜಿಯ ಸಂಖ್ಯೆ ಬದಲಾಯಿತು. ಅರ್ಜಿ ಕೊಟ್ಟವರಲ್ಲಿ ಎಷ್ಟೋ ಮಂದಿ ಹಕ್ಕುಪತ್ರ ಕಾಣಲಿಲ್ಲ.

ಇನ್ನು ಮನೆಯೊಳಗೂ ನೋಡಬೇಕು. ನಾಟಿ, ಕಳೆ, ಅಡಿಕೆ ಸುಲಿಯುವುದು ಎಲ್ಲದರಲ್ಲೂ ಹೆಂಗಸರ ಕೈ ಇದೆ. ಪಹಣಿಯ 9ನೇ ಕಲಮಿನಲ್ಲಿ ಸಾಮಾನ್ಯವಾಗಿ ಇರುವುದು ಗಂಡಿನ ಹೆಸರು. ಎಷ್ಟೋ ಕಡೆ ಅದೂ ತೀರಿಹೋದ ಅಜ್ಜನದು. ಪೌತಿ ಖಾತೆ ಆಗದ ತನಕ ಮೊಮ್ಮಕ್ಕಳು ಈ ಹಣಕ್ಕೆ ರೈತರಲ್ಲ.

ಅಮೆರಿಕದಲ್ಲಿ 1933ರ ಕೃಷಿ ಹೊಂದಾಣಿಕೆ ಕಾಯ್ದೆಯಡಿ ಹತ್ತಿ ಬೆಳೆ ಕಡಿಮೆ ಮಾಡಲು ಸರಕಾರ ಕೊಟ್ಟ ಹಣ ಹೆಚ್ಚಾಗಿ ಭೂಮಾಲಿಕರ ಕೈ ಸೇರಿತು. ದಕ್ಷಿಣದ ಪಾಲುಗೇಣಿದಾರರಲ್ಲಿ ಅನೇಕರು ಒಕ್ಕಲೆದ್ದರು. 1934ರಲ್ಲಿ ಅರ್ಕಾನ್ಸಾಸ್‌ನಲ್ಲಿ ಬಿಳಿಯರೂ ಕರಿಯರೂ ಒಟ್ಟಾಗಿ ಗೇಣಿದಾರರ ಸಂಘ ಕಟ್ಟಿದ್ದು ಆಗಲೇ. ನಮ್ಮ ನೆರೆಯ ತೆಲಂಗಾಣ 2018ರಲ್ಲಿ ಆರಂಭಿಸಿದ ರೈತಬಂಧು ಯೋಜನೆಯೂ ಪಟ್ಟಾದಾರರ ಕೈಗೇ ಹಣ ಹಾಕಿತು. ಸರಿಸುಮಾರು ಅದೇ ಸಮಯದಲ್ಲಿ ಒಡಿಶಾ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲುಗೇಣಿದಾರರನ್ನೂ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ಪಹಣಿ ನೋಡದೆಯೂ ರೈತನನ್ನು ಗುರುತಿಸಬಹುದೆಂದು ಅಲ್ಲಿನ ಅಧಿಕಾರಿಗಳಿಗೆ ಹೊಳೆದಿತ್ತು. ಕಾಗೋಡಿನ ನೆನಪನ್ನು ಪ್ರತಿ ಚುನಾವಣೆಯಲ್ಲೂ ಎತ್ತುವ ನಮ್ಮ ರಾಜ್ಯ ಅಂಥದೊಂದು ಪಟ್ಟಿ ಮಾಡಲು ಹೋಗಲಿಲ್ಲ.