ನಾಲ್ಕು ತಾಲ್ಲೂಕುಗಳ ನೆಲ-ಜಲ: ಒಂದು ಇತಿಹಾಸ ನೋಟ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಬರಗಾಲವನ್ನು ಕಂಡುಂಡ ತಾಲ್ಲೂಕುಗಳು. 1876-78ರ ಭೀಕರ ಬರಕ್ಕೆ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿತ್ತು. ಆಗ ರೈತನಿಗಿದ್ದ ಆಸರೆ ಮಳೆ, ಹಳ್ಳ ಮತ್ತು ತೆರೆದ ಬಾವಿ. ಎರೆಭೂಮಿ ಹಿಡಿದಿಟ್ಟ ಹಸಿಯಲ್ಲೇ ಬಿಳಿಜೋಳ ಬೆಳೆಯುತ್ತಿತ್ತು. 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಈ ಬದುಕಿನದೇ.

ನೀರಿನ ಕೊರತೆ ನೀಗಿಸಲು 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದರು. 519.60 ಮೀಟರ್ ಮಟ್ಟದವರೆಗೆ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಒಣಭೂಮಿಗೆ ಕಾಲುವೆ ಬಂತು. ಆದರೆ ಕೃಷ್ಣೆಯ ದಂಡೆಯ ಫಲವತ್ತಾದ ಹೊಲಗಳೂ ಊರುಗಳೂ ಮುಳುಗಿದವು. ಎರೆಭೂಮಿಗೆ ಮಿತಿಮೀರಿ ನೀರು ಹಾಯಿಸಿದರೆ ಬಸಿಯುವ ದಾರಿಯಿಲ್ಲದೆ ಉಪ್ಪು ಮೇಲೇರಿ ಭೂಮಿ ಸವಳು-ಜವಳಾಗುತ್ತದೆ.

ಭೀಮೆಯ ಕಡೆಯ ಕಥೆ ಬೇರೆ. ಇಂಡಿಯ ನಿಂಬೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಆ ತೋಟಗಳನ್ನು ಬೆಳೆಸಿದ್ದು ಬಹುಮಟ್ಟಿಗೆ ಕೊಳವೆ ಬಾವಿಗಳು. ಬಾವಿಗಳು ಹೆಚ್ಚಿದಂತೆ ಅಂತರ್ಜಲ ಆಳಕ್ಕಿಳಿಯಿತು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡವರೂ ಉಂಟು. ನೀರನ್ನು ಹಿಡಿದಿಡುವ ನದಿಯ ಮರಳನ್ನೂ ಬಗೆದು ಸಾಗಿಸಲಾಯಿತು.

ಹಿಂದಿನ ಕಾಲ ಸುಖದ್ದಾಗಿತ್ತೆಂದು ಹೇಳುವಂತಿಲ್ಲ. ಹಸಿವಿನಿಂದ ಪಾರಾಗಲೆಂದೇ ನಾವು ನೀರನ್ನು ಎಳೆದು ತಂದೆವು. ಆದರೆ ತೆಗೆದಷ್ಟನ್ನು ಭೂಮಿಗೆ ಮರಳಿಸಲಿಲ್ಲ. ಹೊಲಕ್ಕೆ ಒಡ್ಡು ಹಾಕುವುದು, ಕೆರೆಯ ಹೂಳೆತ್ತುವುದು, ಹದವರಿತು ನೀರುಣಿಸುವುದು ಈಗ ನಮ್ಮ ಮೇಲಿರುವ ಸಾಲ. ಅದನ್ನು ತೀರಿಸದಿದ್ದರೆ ನಮ್ಮ ಮಕ್ಕಳು ಎದುರಿಸುವ ಬರ ನಾವೇ ತಂದುಕೊಂಡದ್ದಾಗುತ್ತದೆ.