ಡೋರ್ನಕಲ್‌ನ ಚರ್ಚು: ಗುಮ್ಮಟವೂ ಇದೆ, ಗುಡಿಯ ಕಂಬವೂ ಇದೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಾವು ಇತಿಹಾಸ ಹೇಳಹೊರಟರೆ 1956ರ ನವೆಂಬರ್ 1 ಬಂದೇ ಬರುತ್ತದೆ. ಅಲ್ಲಿಯವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಅದಕ್ಕೂ ಮೊದಲು ನಾವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದವರು. ಅದೇ ಸಂಸ್ಥಾನದ ಇನ್ನೊಂದು ಮೂಲೆಯಾದ ಡೋರ್ನಕಲ್‌ನಲ್ಲಿ ಎದ್ದ ಒಂದು ಚರ್ಚಿನ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕೆನಿಸಿತು.

ಇದನ್ನು ಕಟ್ಟಿಸಿದವರು ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. 1874ರಲ್ಲಿ ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ತಮಿಳರು. 1910ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಎದುರೇ ನಿಂತು, ನೀವು ಕೊಟ್ಟದ್ದು ಬಹಳ, ಆದರೆ ನಮಗೆ ನಿಮ್ಮ ಗೆಳೆತನ ಬೇಕು ಎಂಬರ್ಥದಲ್ಲಿ ಮಾತಾಡಿದ್ದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಡೋರ್ನಕಲ್‌ನಲ್ಲಿ ಅವರ ಸಭೆ ಸೇರಿದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯದ ಬಡವರು. ಅವರೊಡನೆ ಬೆರೆಯಲು ಈ ತಮಿಳರು ತೆಲುಗು ಕಲಿತರು.

ಚರ್ಚು ಪ್ರತಿಷ್ಠೆಯಾದದ್ದು 1939ರ ಜನವರಿ 6ರಂದು. ಆ ಕಾಲದ ಬೇರೆ ಚರ್ಚುಗಳ ಪಕ್ಕದಲ್ಲಿಟ್ಟರೆ ಇದರ ವಿಶೇಷ ತಿಳಿಯುತ್ತದೆ. ಮೆದಕ್‌ನಲ್ಲಿ ವೆಸ್ಲಿಯನ್ ಮಿಷನ್ನಿನ ಪಾಸ್ನೆಟ್ ಕಟ್ಟಿಸಿ 1924ರ ಕ್ರಿಸ್‌ಮಸ್‌ಗೆ ತೆರೆದ ಚರ್ಚು ವಿಲಾಯತಿ ಗಾಥಿಕ್ ಶೈಲಿಯದು. ದೆಹಲಿ ದಂಡುಪ್ರದೇಶದಲ್ಲಿ ಶೂಸ್ಮಿತ್ 1930ರ ಹೊತ್ತಿಗೆ ಕಟ್ಟಿದ ಸೇಂಟ್ ಮಾರ್ಟಿನ್ಸ್ ಚರ್ಚಿಗೆ ಸುಮಾರು 35 ಲಕ್ಷ ಇಟ್ಟಿಗೆ ಹಿಡಿಯಿತು. ಅಲಂಕಾರವಿಲ್ಲದ, ಕೋಟೆಯಂಥ ಗೋಡೆಗಳ ಆಧುನಿಕ ಕಟ್ಟಡವದು. ಒಂದು ಹಳೆಯ ಇಂಗ್ಲೆಂಡನ್ನು ನೆನೆಯಿತು, ಇನ್ನೊಂದು ಹಳೆಯದನ್ನೆಲ್ಲ ಬಿಟ್ಟಿತು. ಡೋರ್ನಕಲ್ ಎರಡನ್ನೂ ಮಾಡಲಿಲ್ಲ. ಗುಮ್ಮಟ, ಮಿನಾರುಗಳು ಮಸೀದಿಯಿಂದ, ಕಲ್ಲುಕಂಬಗಳು ಗುಡಿಯಿಂದ ಬಂದವು. ಸುತ್ತಲಿನ ಜನರ ಕಣ್ಣಿಗೆ ಪರಿಚಿತವಾದದ್ದನ್ನೇ ಅದು ತನ್ನದಾಗಿಸಿಕೊಂಡಿತು.

ಬೇರೆ ಬೇರೆ ಪಂಗಡಗಳನ್ನು ಒಂದುಗೂಡಿಸಲು ಅಜರಯ್ಯನವರು 1919ರ ತರಂಗಂಬಾಡಿ ಸಭೆಯಿಂದಲೂ ದುಡಿದರು. ಅದನ್ನು ಕಣ್ಣಾರೆ ಕಾಣಲಿಲ್ಲ. 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ಮೆದಕ್, ಡೋರ್ನಕಲ್ ಎರಡೂ ಅದರೊಳಗೆ ಬಂದವು.

ಗಡಿಯಲ್ಲಿ ಕನ್ನಡ ಕಲಿಸುವ ನಮ್ಮನ್ನು ಹಲವರು ಕೇಳುತ್ತಾರೆ: ತೆಲುಗು ನಾಡಿನಲ್ಲಿ ಕನ್ನಡ ಶಾಲೆ ಏಕೆ? ಅಜರಯ್ಯನವರು ನೆರೆಯವರ ಭಾಷೆ ಕಲಿತರು, ತಮಿಳರಾಗಿಯೇ ಉಳಿದರು. ನಮ್ಮ ಮಕ್ಕಳೂ ತೆಲುಗು ಚೆನ್ನಾಗಿ ಕಲಿಯಲಿ. ಅದಕ್ಕಾಗಿ ಕನ್ನಡ ಬಿಡಬೇಕಾಗಿಲ್ಲ.